ಸೋಪು ತಿನ್ನುವ ನೀರು

"ತಿಂಗಳ ಸೋಪು ಹದಿನೆಂಟು ದಿನಕ್ಕೆ ಖಾಲಿ ಅಂದ್ರೆ ಯಾರು ತಿಂದ್ರು ಭಾವ? ಇಲಿ ತಿಂತಾ? ಇಲಿ ತಿಂದಿದ್ರೆ ಅದರ ಬಾಯಲ್ಲಿ ನೊರೆ ಬಂದಿರಬೇಕಿತ್ತಲ್ಲ!"

"ಬಟ್ಟೆಗೇ ಹಾಕಿದೆ."

"ಬಟ್ಟೆಗೆ ಹಾಕಿದ್ರೆ ಬಟ್ಟೆ ಯಾಕೆ ಹೀಗಿದೆ? ಮುಟ್ಟಿ ನೋಡಿ. ಇದು ಬಟ್ಟೇನಾ, ಮರದ ತೊಗಟೇನಾ?"

ಅವಳು ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಇಸ್ತ್ರಿ ಮೇಜಿನ ಮೇಲೆ ಎಸೆದಳು. ಬಟ್ಟೆ ಬಿದ್ದಾಗ ಸದ್ದಾಗಬಾರದು. ಇದು ಟಪ್ ಎಂದಿತು. ಇಸ್ತ್ರಿ ಮಾಡುತ್ತಿದ್ದ ಇಬ್ಬರು ಹೆಂಗಸರು ಪೆಟ್ಟಿಗೆಯನ್ನು ನಿಲ್ಲಿಸಿ, ತಲೆ ಬಗ್ಗಿಸಿ, ಕಿವಿ ಮಾತ್ರ ಇತ್ತ ಇಟ್ಟುಕೊಂಡರು.

ಅವಳನ್ನು ಬೀದಿಯವರೆಲ್ಲ ಲಾಂಡ್ರಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಬಾಯಿಗೂ ಒಳಗಿನ ಬಾಯ್ಲರಿಗೂ ಒಂದೇ ವ್ಯತ್ಯಾಸ, ಬಾಯ್ಲರಿಗೆ ಆರಿಸುವ ಗುಂಡಿ ಇದೆ ಎಂದು ಅವಳ ಗಂಡ ಹೇಳುತ್ತಿದ್ದ, ಅದೂ ಅವಳು ಕೇಳಿಸಿಕೊಳ್ಳದಷ್ಟು ದೂರದಲ್ಲಿ. ಗಂಡನ ಕೆಲಸ ಗಾಡಿಯಲ್ಲಿ ಬಟ್ಟೆ ತರುವುದು, ಒಯ್ಯುವುದು. ಲೆಕ್ಕ, ಜಗಳ, ಬೀಗದ ಕೈ ಮೂರೂ ಅವಳವು. ಒಗೆಯುವ ಕೆಲಸ ಮಾತ್ರ ಮೊದಲಿನಿಂದಲೂ ಗಂಡನ ಅಣ್ಣನದು. ಮೂವತ್ತು ವರ್ಷ ಸಿಮೆಂಟಿನ ಮೂರು ತೊಟ್ಟಿಗಳ ನಡುವೆ ನೀರಿನಲ್ಲಿ ನಿಂತು ಭಾವನ ಒಂದು ಮಂಡಿ ಕೆಟ್ಟಿತ್ತು. ಆ ಕಾಲನ್ನು ತೊಟ್ಟಿಯ ಅಂಚಿಗೆ ಎತ್ತಿಟ್ಟು ಒಂಟಿಕಾಲಲ್ಲಿ ನಿಲ್ಲುತ್ತಿದ್ದರು. ಬೀದಿಯವರು ಇಟ್ಟ ಹೆಸರು ಕೊಕ್ಕರೆ. ಅವರಿಗೂ ಆ ಹೆಸರಿನ ಮೇಲೆ ಬೇಸರವಿರಲಿಲ್ಲ, ಸಂಜೆ ಬೀದಿಯ ಮನೆಗಳಲ್ಲಿ ಬಟ್ಟೆ ಕೇಳಲು ಬಾಗಿಲು ತಟ್ಟಿದಾಗ ತಾವೇ "ಕೊಕ್ಕರೆ ಬಂದಿದೆ" ಎನ್ನುತ್ತಿದ್ದರು.

ಜಗಳಕ್ಕೆ ಕಾರಣ ಹೆರಿಗೆ ಆಸ್ಪತ್ರೆ. ಲಾಂಡ್ರಿಯ ಅರ್ಧ ಕೆಲಸ ಅಲ್ಲಿಂದ ಬರುತ್ತಿತ್ತು. ಹುಟ್ಟಿದ ಮಕ್ಕಳನ್ನು ಸುತ್ತುವ ಬಟ್ಟೆಗಳಿಗೆ ಒಗೆಯುವ ಪುಡಿ ಹಾಕುವಂತಿಲ್ಲ, ಬರೀ ಸೋಪು, ಅದೂ ಬಣ್ಣವಿಲ್ಲದ, ವಾಸನೆಯಿಲ್ಲದ ಸೋಪಿನ ಚಕ್ಕೆ ಎಂದು ಅಲ್ಲಿನ ದೊಡ್ಡ ನರ್ಸಮ್ಮನ ಕಟ್ಟಪ್ಪಣೆ. ಹಿಂದಿನ ದಿನ ಆ ನರ್ಸಮ್ಮ ಎರಡು ಗಂಟು ಬಟ್ಟೆ ವಾಪಸ್ಸು ಕಳಿಸಿದ್ದಳು. ಒರಟು, ಬೂದು ಬಣ್ಣ, ಮೂರು ಮಕ್ಕಳ ಕತ್ತಿನ ಮೇಲೆ ಕೆಂಪು ಗೆರೆ. ಮುಂದಿನ ಸೋಮವಾರದೊಳಗೆ ಸರಿಹೋಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದಳು.

ಆಮೇಲೆ ಲಾಂಡ್ರಿಯಕ್ಕ ಸೋಪಿನ ಕಪಾಟು ತೆಗೆದು ನೋಡಿದಳು. ಚೀಲದ ತಳದಲ್ಲಿ ನಾಲ್ಕು ಹಿಡಿ ಬಿಟ್ಟರೆ ಬರಿದು. ಬಟ್ಟೆ ಸೋಪು ಕಂಡಿಲ್ಲ, ಕಪಾಟಿನಲ್ಲಿ ಸೋಪಿಲ್ಲ. ಹಾಗಾದರೆ ಹೋಯಿತೆಲ್ಲಿಗೆ? ಕಪಾಟಿಗೆ ಎರಡೇ ಬೀಗದ ಕೈ. ಒಂದು ಅವಳ ಸೊಂಟದಲ್ಲಿ, ಇನ್ನೊಂದು ಭಾವನ ಜೇಬಿನಲ್ಲಿ.

"ನೀರು ಬದಲಾಗಿದೆ ತಾಯಿ," ಎಂದರು ಭಾವ. "ಹಾಕಿದ ಸೋಪನ್ನೆಲ್ಲ ಅದೇ ತಿನ್ನುತ್ತೆ. ಎಷ್ಟು ಸುರಿದ್ರೂ ನೊರೆ ಏಳಲ್ಲ, ಮೊಸರು ಒಡೆದ ಹಾಗೆ ಒಡೆದು ಬಟ್ಟೆಗೇ ಮೆತ್ಕೊಳ್ಳುತ್ತೆ. ಮೊದಲಿನ ಹಾಗೆ ಒಗೆಯೋ ಸೋಡಾ ಕೊಡು, ನೀರನ್ನ ಪಳಗಿಸಿ ಆಮೇಲೆ ಸೋಪು ಹಾಕ್ತೀನಿ ಅಂತ ಆರು ತಿಂಗಳಿಂದ ಹೇಳ್ತಿದ್ದೀನಿ."

"ನೀರಿಗೆ ಏನೂ ಆಗಿಲ್ಲ! ಅಲ್ಲಿ ನೋಡಿ!"

ಗೋಡೆಯ ಮೇಲೆ ನೀರು ಸರಬರಾಜು ಕಚೇರಿಯ ಅಚ್ಚಾದ ಹಾಳೆ ಅಂಟಿಸಿತ್ತು. ಹೊಸ ಕೊಳವೆ ಬಾವಿಗಳು ಸೇರಿದ ಮೇಲೂ ನಗರದ ನಲ್ಲಿ ನೀರು ಮೊದಲಿಗಿಂತ ಮೆದುವಾಗಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಹಿ ಅಲ್ಲಿ ನೀರು ಪರೀಕ್ಷೆ ಮಾಡುವ ಅವಳ ಸ್ವಂತ ತಮ್ಮನದು. ಎರಡು ವರ್ಷದ ಹಿಂದೆ ಆ ಹಾಳೆ ಓದಿಯೇ ಅವಳು ಸೋಡಾ ತರಿಸುವುದನ್ನು ನಿಲ್ಲಿಸಿದ್ದು. ಸೋಡಾದಿಂದ ಭಾವನ ಬೆರಳುಗಳ ಸಂದಿ ಒಡೆದು ರಕ್ತ ಬರುತ್ತಿತ್ತು. ನೀರೇ ಮೆದುವಾದ ಮೇಲೆ ಆ ಹಾಳು ಸೋಡಾ ಯಾಕೆ ಎಂದು ಅವಳೇ ಮೂಟೆ ಎತ್ತಿ ಹೊರಗೆ ಹಾಕಿದ್ದಳು. ಅಂದು ಮಾಡಿದ್ದು ಕಾಳಜಿಯಿಂದ. ಈಗ ಅದು ಯಾರ ನೆನಪಿಗೂ ಬರಲಿಲ್ಲ.

"ಕಾಗದ ಬಟ್ಟೆ ಒಗೆದಿಲ್ಲವಲ್ಲಮ್ಮ," ಎಂದರು ಭಾವ.

"ಅಂದ್ರೆ ನನ್ನ ತಮ್ಮ ಸುಳ್ಳ? ಓದಿದವನು ಸುಳ್ಳ, ಅವನು ನೀರು ಅಳೆಯೋ ಬಾಟಲಿ ಸುಳ್ಳು, ಸರ್ಕಾರ ಸುಳ್ಳು, ನೀವೊಬ್ರು ಸತ್ಯಸಂಧರು! ಸೋಪು ಕದ್ದು ಮಾರ್ಕೊಂಡು ನೀರಿನ ಮೇಲೆ ಹಾಕ್ತೀರಲ್ಲ, ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ! ಕಳ್ಳತನ ಅನ್ನದೆ ಇದಕ್ಕೆ ಇನ್ನೇನನ್ನಬೇಕು?"

ಮಾತು ಆಡಿದರೆ ಹೋಯಿತು.  ಬಾಗಿಲಲ್ಲಿ ಗಂಟು ಹೊತ್ತು ನಿಂತಿದ್ದ ಗಂಡ ಅದನ್ನು ಇಳಿಸುವುದನ್ನೂ ಮರೆತ. ಈಗ ಭಾವ ಕೈ ಒರೆಸಿಕೊಂಡು ಹೊರಟೇಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಅವಳೂ ಅಂದುಕೊಂಡಳು. ಹೋದರೆ ಹೋಗಲಿ ಎಂದು ಮುಖ ಬಿಗಿದು ನಿಂತಳು.

ಭಾವ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಮೂಲೆಯಲ್ಲಿದ್ದ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು.

"ಹೋಗಲ್ಲ," ಎಂದರು. "ಈಗ ಹೋದ್ರೆ ನೀನಂದ ಮಾತೂ ನನ್ನ ಜೊತೆ ಗಂಟು ಕಟ್ಕೊಂಡು ಬರುತ್ತೆ. ಈ ವಯಸ್ಸಲ್ಲಿ ಆ ಗಂಟು ಹೊರೋಕಾಗಲ್ಲ. ಅದು ಸುಳ್ಳು ಅಂತ ನಿನಗೇ ಗೊತ್ತಾಗೋವರೆಗೂ ಇಲ್ಲೇ ಇರ್ತೀನಿ. ಸೋಪು ಮಾತ್ರ ಇನ್ನು ಮುಟ್ಟಲ್ಲ."

ಅಂದು ಮಧ್ಯಾಹ್ನದವರೆಗೆ ಸೋಪು ಅವಳೇ ಹಾಕಿದಳು. ಒಂದು ಹಿಡಿ ಹಾಕಿದಳು, ನೊರೆ ಬರಲಿಲ್ಲ. ಇನ್ನೊಂದು ಹಿಡಿ. ನೀರಿನ ಮೇಲೆ ಬೂದು ಕೆನೆ ಕಟ್ಟಿತು. ಚೀಲದಲ್ಲಿ ಉಳಿದ ಸೋಪೇ ಹಳೆಯದಿರಬೇಕು, ಒಳ್ಳೆಯದು ಮಾರಿ ಕೆಟ್ಟದ್ದು ಇಟ್ಟಿದ್ದಾರೆ ಎಂದು ಅದಕ್ಕೂ ಒಂದು ಕಾರಣ ಕಟ್ಟಿಕೊಂಡಳು. ಸಿಟ್ಟು ಬಂದವರಿಗೆ ಕಾರಣಗಳು ಸಾಲುಗಟ್ಟಿ ಬರುತ್ತವೆ.

ಊಟಕ್ಕೆ ಕುಳಿತಾಗ ಗಂಡ ತಟ್ಟೆ ಮುಟ್ಟಲಿಲ್ಲ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವನು ಅವಳ ಎದುರು ದನಿ ಎತ್ತಿದ್ದು ಬೆರಳೆಣಿಕೆಯಷ್ಟು ಸಲ. ಈಗಲೂ ಎತ್ತಲಿಲ್ಲ, ಮೆಲ್ಲಗೇ ಹೇಳಿದ.

"ಜೇಬಲ್ಲಿ ಸಿಕ್ಕ ಗುಂಡೀನೂ ಅಣ್ಣ ಇಟ್ಕೊಂಡವನಲ್ಲ ಕಣೇ. ಹೋದ ವರ್ಷ ಮೇಷ್ಟ್ರ ಪ್ಯಾಂಟಲ್ಲಿ ಉಂಗುರ ಸಿಕ್ಕಾಗ, ಮಳೇಲಿ ನೆನ್ಕೊಂಡು ಹೋಗಿ ಕೊಟ್ಟು ಬಂದ. ಮೇಷ್ಟ್ರಿಗೆ ಅದು ಕಳೆದಿದ್ದೇ ಗೊತ್ತಿರಲಿಲ್ಲ."

"ಹಾಗಾದ್ರೆ ನನ್ನ ತಮ್ಮ ಕಳ್ಳನಾ?"

"ನಾನು ಯಾರನ್ನೂ ಕಳ್ಳ ಅಂದಿಲ್ಲ. ಅಂದವಳು ನೀನು. ನಿನ್ನ ತಮ್ಮನ ನೀರನ್ನ ನೀನೇ ಹೋಗಿ ಒಂದು ಸಲ ಮುಟ್ಟಿ ನೋಡು. ಎಲ್ಲದಕ್ಕೂ ಕೈ ಹಾಕ್ತೀಯ, ಇದಕ್ಕೂ ಹಾಕು."

ಅವಳು ಎದ್ದಳು. ಸೋಪಿನ ಚಕ್ಕೆ ಒಂದು ಪೊಟ್ಟಣ, ನರ್ಸಮ್ಮ ತಿರಸ್ಕರಿಸಿದ ಎರಡು ಬಟ್ಟೆ ಚೀಲಕ್ಕೆ ತುರುಕಿದಳು. "ಬರ್ತೀನಿ. ಬರುವಾಗ ಬರೆಸ್ಕೊಂಡೇ ಬರ್ತೀನಿ. ಆಮೇಲೆ ಅಣ್ಣ ತಮ್ಮ ಇಬ್ರೂ ಬಾಯಿ ಮುಚ್ಕೊಂಡಿರಬೇಕು," ಎಂದು ಚಪ್ಪಲಿ ಮೆಟ್ಟಿದಳು.

ನೀರಿನ ಕಚೇರಿ ಎರಡು ಬೀದಿ ಆಚೆ, ಎತ್ತರದ ಟ್ಯಾಂಕಿನ ಕೆಳಗಿತ್ತು. ತಮ್ಮನದು ಒಳಗಿನ ಕೋಣೆ. ಬಾಟಲಿಗಳ ಸಾಲು, ಒಂದೊಂದಕ್ಕೂ ಚೀಟಿ, ಚೀಟಿಯ ಮೇಲೆ ದುಂಡನೆಯ ಅಕ್ಷರ. ಸಣ್ಣವನಿದ್ದಾಗಲೇ ಅವನು ಪುಸ್ತಕಕ್ಕೆ ಹೊದಿಕೆ ಹಾಕಿ, ಆ ಹೊದಿಕೆಗೆ ಇನ್ನೊಂದು ಹೊದಿಕೆ ಹಾಕುತ್ತಿದ್ದವನು. ಕಚೇರಿಯಲ್ಲಿ ಅವನಿಗೆ ಬಾಟಲಿ ಸಾಹೇಬ ಎಂದೇ ಹೆಸರು. ಎಲ್ಲರೂ ದಿನಕ್ಕೆ ನಾಲ್ಕು ಸಲ ಚಹಾ ಕುಡಿದರೆ ಇವನು ಮನೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದು ಕುಡಿಯುವ ಆಸಾಮಿ.

"ಲೋ, ನಿನ್ನ ನೀರಿಂದ ನನ್ನ ಮನೇಲಿ ಮಹಾಯುದ್ಧ ಆಗ್ತಿದೆ. ತೋರಿಸು ಅದು ಹ್ಯಾಗಿದೆ ಅಂತ."

ಅವನಿಗೆ ಯಾರಾದರೂ ಹೀಗೆ ಕೇಳಿದರೆ ಹಬ್ಬ. ಒಂದು ಚಿಕ್ಕ ಬಾಟಲಿಗೆ ನೀರು ಅಳೆದು ಹಾಕಿದ. ಕೊಳವೆಯಿಂದ ಸೋಪಿನ ದ್ರವ ಹನಿಹನಿಯಾಗಿ ಬಿಟ್ಟು ಬಿರಡೆ ಹಾಕಿ ಕುಲುಕಿದ. ಒಂಬತ್ತು ಹನಿಗೆ ಬಾಟಲಿಯೊಳಗೆ ನೊರೆ ಎದ್ದು ನಿಂತಿತು. ಅವನು ಗಡಿಯಾರ ನೋಡಿದ. ಐದು ನಿಮಿಷವಾದರೂ ನೊರೆ ಇಳಿಯಲಿಲ್ಲ.

"ಮೆದು ನೀರಾದ್ರೆ ಕಡಿಮೆ ಹನಿಗೇ ನೊರೆ ನಿಲ್ಲುತ್ತೆ, ಗಡುಸು ನೀರಾದ್ರೆ ಹನಿ ನುಂಗ್ತಾ ಹೋಗುತ್ತೆ. ಇದು ಬೆಣ್ಣೆ ಅಕ್ಕ, ಬೆಣ್ಣೆ."

"ಬಾಟಲಿ ಆಟ ಬೇಡ. ನಲ್ಲಿ ತೋರಿಸು."

ಅವನು ದಿನವೂ ನೀರು ಹಿಡಿಯುವ ನಲ್ಲಿ ಚಹಾದ ಕೋಣೆಯಲ್ಲಿತ್ತು. ಅವಳು ತೊಟ್ಟಿಯ ಮುಂದೆ ತೋಳು ಏರಿಸಿ ನಿಂತು, ಬಟ್ಟೆ ನೆನೆಸಿ, ಒಂದು ಚಿಟಿಕೆ ಸೋಪು ಹಾಕಿ ಉಜ್ಜಿದಳು. ನೊರೆ ಉಕ್ಕಿತು. ಬೆರಳು ಮುಚ್ಚಿ, ಮಣಿಕಟ್ಟು ಮುಚ್ಚಿ, ಮೊಣಕೈವರೆಗೆ ಏರಿತು. ಇಂಥ ನೊರೆ ಕಂಡು ಅವಳಿಗೇ ವರ್ಷಗಳಾಗಿದ್ದವು.

"ನೋಡಿದ್ಯಾ?" ಎಂದ ತಮ್ಮ.

ನೋಡಿದಳು. ಸೋಪು ಹಳೆಯದಲ್ಲ, ನೀರು ಕೆಟ್ಟದ್ದಲ್ಲ. ಹಾಗಾದರೆ ಉಳಿದದ್ದು ಒಂದೇ. ಅವಳು ಗೆದ್ದಿದ್ದಳು. ಗೆದ್ದರೆ ಎದೆ ಹಗುರಾಗಬೇಕು. ಯಾರೋ ಒದ್ದೆ ಕಂಬಳಿಯನ್ನು ಒಳಗೆ ಇಳಿಬಿಟ್ಟ ಹಾಗಾಯಿತು. ಭಾವ ಕಳ್ಳರಾಗಿರಲಿ ಎಂದು ತಾನು ಒಂದು ಕ್ಷಣವೂ ಬಯಸಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಸಿಟ್ಟಿಗೆ ಬಂದದ್ದನ್ನು ಬಾಯಿ ಅಂದಿತ್ತು. ಈಗ ನೋಡಿದರೆ ಅದೇ ನಿಜ.

ಕೈ ತೊಳೆಯಲು ಹೋದಳು. ಎಷ್ಟು ತೊಳೆದರೂ ಜಾರು ಹೋಗಲಿಲ್ಲ. ಅಷ್ಟರಲ್ಲಿ ಚಹಾ ಮಾಡುವ ಅಟೆಂಡರಮ್ಮ ಕೆಟಲು ಹಿಡಿದು ಬಂದಳು.

"ಅಯ್ಯಯ್ಯೋ, ಯಾರಮ್ಮ ನೀವು? ಚಹಾದ ತೊಟ್ಟೀಲಿ ಮಕ್ಕಳ ಬಟ್ಟೆ ಒಗೀತಿದ್ದೀರಲ್ಲ! ಮಹಡಿ ಮೇಲಿನ ದೊಡ್ಡ ಸಾಹೇಬ್ರಿಗೆ ನಾನು ಏನು ಸೋಪಿನ ಚಹಾ ಕೊಡ್ಲಾ? ಹೊರಗೆ ಗೇಟಿನ ಹತ್ರ ನಲ್ಲಿ ಇದೆ, ಅಲ್ಲಿ ಹೋಗಿ."

ಬೇರೆ ದಿನವಾಗಿದ್ದರೆ ಅಟೆಂಡರಮ್ಮನಿಗೆ ತಕ್ಕ ಉತ್ತರ ಸಿಗುತ್ತಿತ್ತು. ಇಂದು ಅವಳು ಸುಮ್ಮನೆ ನೊರೆಗೈಯನ್ನು ಮುಂದೆ ಚಾಚಿಕೊಂಡು ಗೇಟಿಗೆ ಹೋದಳು. ಗಿಡಗಳಿಗೆ ನೀರು ಹಾಕುವ ಗಿಡ್ಡ ನಲ್ಲಿ, ಸುತ್ತ ಕೆಸರು, ಪಕ್ಕದಲ್ಲಿ ಮಲಗಿದ್ದ ನಾಯಿ. ತಿರುಗಿಸಿ ಕೈ ಒಡ್ಡಿದಳು.

ನೊರೆ ಸತ್ತಿತು. ತೊಳೆದು ಹೋಗಲಿಲ್ಲ, ಕೈಯ ಮೇಲೇ ಒಡೆದು ಬೂದು ಬೂದಾಗಿ ಚರ್ಮಕ್ಕೆ ಮೆತ್ತಿಕೊಂಡಿತು.

ಅವಳು ಕೈಯನ್ನು ನೋಡಿದಳು. ನಲ್ಲಿಯನ್ನು ನೋಡಿದಳು. ಪೊಟ್ಟಣದಿಂದ ಒಂದು ಚಿಟಿಕೆ ಸೋಪು ತೆಗೆದು ಉಜ್ಜಿದಳು. ಏನೂ ಇಲ್ಲ. ಇನ್ನೊಂದು ಚಿಟಿಕೆ. ಮೊಸರು ಒಡೆದ ಹಾಗೆ, ಭಾವ ಹೇಳಿದ್ದರಲ್ಲ, ಅದೇ. ಅದೇ ಅಂಗಳ, ಅದೇ ಟ್ಯಾಂಕು, ಇಪ್ಪತ್ತು ಹೆಜ್ಜೆ ದೂರದ ಎರಡು ನಲ್ಲಿ.

"ಲೋ!" ಎಂದು ಅವಳು ಕೂಗಿದ ಕೂಗಿಗೆ ನಾಯಿ ಎದ್ದು ಓಡಿತು.

ತಮ್ಮ ಬಂದು ನೋಡಿದ. "ಇದು ಕೊಳಕು ನಲ್ಲಿ ಅಕ್ಕ. ನಾಯಿ ನೆಕ್ಕುತ್ತೆ. ಮಾದರಿ ನೀರನ್ನ ನೆರಳಲ್ಲಿರೋ ಶುದ್ಧವಾದ ನಲ್ಲಿಯಿಂದ ಹಿಡೀಬೇಕು ಅಂತ ನಿಯಮ. ಅದಕ್ಕೇ ಎರಡು ವರ್ಷದಿಂದ ಒಳಗಿನ ನಲ್ಲಿ. ದಿನಾ ಮೂರು ನಿಮಿಷ ನೀರು ಬಿಟ್ಟು, ನಲ್ಲಿಯ ಬಾಯಿ ಒರೆಸಿ..."

"ನಾಯಿ ನೆಕ್ಕಿದ್ರೆ ನೀರು ಗಡುಸಾಗುತ್ತೇನೋ? ಆ ಒಳಗಿನ ನಲ್ಲೀಲಿ ಏನಿದೆ?"

"ಏನೂ ಇಲ್ಲ."

"ಏನಿಲ್ಲ ಅಂದ್ರೆ? ಮಿಷನ್ ಇದೆಯಲ್ಲ," ಎಂದಳು ಬಾಗಿಲಿಗೆ ಬಂದು ನಿಂತಿದ್ದ ಅಟೆಂಡರಮ್ಮ. "ಹೊಸ ಬಾವಿ ನೀರು ಬಂದ ವಾರವೇ ಕೆಟಲ್ ಒಳಗೆ ಸುಣ್ಣ ಕಟ್ಟೋಕೆ ಶುರುವಾಯ್ತು. ಚಹಾ ಮೇಲೆ ಹೊಟ್ಟು ತೇಲೋದು. ದೊಡ್ಡ ಸಾಹೇಬ್ರು ತೊಟ್ಟಿ ಕೆಳಗೆ ನೀರು ಮೆದು ಮಾಡೋ ಮಿಷನ್ ಹಾಕಿಸಿದ್ರು. ಪ್ರತಿ ಸೋಮವಾರ ನಾನೇ ಅದಕ್ಕೆ ಉಪ್ಪು ಹಾಕ್ತೀನಿ."

ಮೂವರೂ ಒಳಗೆ ಹೋದರು. ತೊಟ್ಟಿಯ ಕೆಳಗೆ ಹೂವಿನ ಚಿತ್ರದ ಪರದೆ. ಲಾಂಡ್ರಿಯಕ್ಕ ಪರದೆ ಸರಿಸಿದಳು. ಬಿಳಿಯ ಉದ್ದನೆಯ ಡಬ್ಬ, ಅದಕ್ಕೆ ಎರಡು ಕೊಳವೆ, ಪಕ್ಕದಲ್ಲಿ ಉಪ್ಪಿನ ಮೂಟೆ.

"ಎರಡು ವರ್ಷ ಈ ನಲ್ಲಿಗೆ ಸ್ನಾನ ಮಾಡಿಸಿದ ಹಾಗೆ ಮಾಡಿಸಿ ನೀರು ಹಿಡಿದ್ಯಲ್ಲೋ, ಒಂದು ದಿನ ಈ ಪರದೆ ಎತ್ತಿ ನೋಡಲಿಲ್ವೇನೋ?"

"ಅದು... ಅದು ಚಹಾ ವಿಭಾಗ ಅಕ್ಕ. ನನ್ನದಲ್ಲ."

ಅಟೆಂಡರಮ್ಮ ಕಿಸಕ್ಕೆಂದಳು. ಬೇರೆ ಯಾರೂ ನಗಲಿಲ್ಲ. ತಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಸಿದ. ದೀಪದ ಬುಡದಲ್ಲೇ ಕತ್ತಲೆ. ಇಡೀ ನಗರದ ನೀರು ಹೇಗಿದೆ ಎಂದು ಅವನು ಬರೆದದ್ದೆಲ್ಲ ಸಾಹೇಬರ ಚಹಾದ ನೀರು ಹೇಗಿದೆ ಎಂಬ ವರದಿ.

ಆಮೇಲೆ ಅವನು ಗೇಟಿನ ನಲ್ಲಿಯ ನೀರನ್ನು ಬಾಟಲಿಗೆ ಹಿಡಿದು ಹನಿ ಬಿಡಲು ಕುಳಿತ.  ಹತ್ತು ಹನಿ, ಇಪ್ಪತ್ತು, ನಲವತ್ತು. ಕುಲುಕುತ್ತಾನೆ, ನೊರೆ ಏಳುತ್ತದೆ, ಕಣ್ಣೆದುರೇ ಕರಗುತ್ತದೆ. ಅರವತ್ತೆಂಟನೆಯ ಹನಿಗೆ ನಿಂತಿತು.

"ಈ ಆರು ತಿಂಗಳಿಂದ ನದಿ ನೀರು ಇಳಿದು ಬಾವಿ ನೀರೇ ಹೆಚ್ಚು ಬಿಡ್ತಿದ್ದಾರೆ," ಎಂದ. "ಅದೂ ನನ್ನ ವರದಿ ನೋಡಿಯೇ. ನೀರು ಮೆದುವಾಗಿದೆಯಲ್ಲ, ಇನ್ನಷ್ಟು ಬಿಡಿ ಅಂತ." ಬಾಟಲಿಗೆ ಬಿರಡೆ ಹಾಕಿದ. "ಅಕ್ಕ, ನಾಳೆಯಿಂದ ನಾನು ಗೇಟಿನ ನಲ್ಲೀದೇ ಬರೀತೀನಿ. ಬೇಸಿಗೆ ಬಂತು, ನೀರು ಗಡುಸಾಯ್ತು ಅಂದ್ರಾಯ್ತು. ಹಳೇದನ್ನ ಯಾರೂ ಕೆದಕಲ್ಲ."

"ನಾನು ಕೆದಕ್ತೀನಿ."

"ಅಕ್ಕ, ಕೆಲಸದ ಪ್ರಶ್ನೆ..."

"ನಿನ್ನ ಕಾಗದ ಗೋಡೆಗೆ ಅಂಟಿಸ್ಕೊಂಡು ನಾನು ಮೂವತ್ತು ವರ್ಷ ದುಡಿದ ಮನುಷ್ಯನಿಗೆ ಕಳ್ಳ ಅಂದೆ ಕಣೋ. ಇಸ್ತ್ರಿಯವರ ಮುಂದೆ, ಅವರ ತಮ್ಮನ ಮುಂದೆ. ಬೇಸಿಗೆ ಬಂದು ಗಡುಸಾಯ್ತು ಅಂದ್ರೆ ನಿನ್ನೆವರೆಗೂ ಅವರು ಕಳ್ಳರೇ ಆಗಿರ್ತಾರೆ. ನಿನ್ನೆಯದೂ ಸುಳ್ಳು, ಮೊನ್ನೆಯದೂ ಸುಳ್ಳು ಅಂತ ಬರಿ. ಸಣ್ಣವನಿದ್ದಾಗ ಉತ್ತರ ತಪ್ಪಾದ್ರೆ ಪುಟಾನೇ ಹರಿದು ಮೊದಲಿಂದ ಬರೀತಿದ್ದೆ. ಈಗೇನಾಯ್ತು?"

 ತಮ್ಮ ಹೊಸ ಹಾಳೆ ತೆಗೆದು, ಅಂಚು ಮಡಿಸಿ, ದುಂಡನೆಯ ಅಕ್ಷರದಲ್ಲಿ ಬರೆಯತೊಡಗಿದ. ಬರೆದು ಮಹಡಿ ಹತ್ತಿದ. ಅವಳು ಕೆಳಗೆ ಬೆಂಚಿನ ಮೇಲೆ ಕುಳಿತಳು. ಮೇಲಿನಿಂದ ಸಾಹೇಬರ ದನಿ ಮೊದಲು ಜೋರಾಗಿ ಕೇಳಿತು, ಆಮೇಲೆ ಕೇಳಲಿಲ್ಲ. ಕೇಳದಿದ್ದಾಗ ಅವಳಿಗೆ ಹೆಚ್ಚು ಭಯವಾಯಿತು. ಅಟೆಂಡರಮ್ಮ ಒಂದು ಲೋಟ ಚಹಾ ತಂದುಕೊಟ್ಟಳು. ಚಹಾ ಚೆನ್ನಾಗಿತ್ತು, ಹಾಳಾದ್ದು.

ತಮ್ಮ ಇಳಿದು ಬಂದಾಗ ಬೆವತಿದ್ದ, ಆದರೆ ಬೆನ್ನು ನೆಟ್ಟಗಿತ್ತು.

"ಬೈದ್ರು. ಆಮೇಲೆ ಅವರೇ ಗೇಟಿಗೆ ಬಂದು ಕೈ ತೊಳ್ಕೊಂಡು ನೋಡ್ತೀನಿ ಅಂದ್ರು. ಊರಿನ ನಾನೂರು ಮನೆಗಳ ನಲ್ಲಿಯಿಂದ ಈಗಲೇ ನೀರು ಹಿಡಿಯಬೇಕಂತೆ. ಎಲ್ಲೆಲ್ಲಿ ಎಷ್ಟು ಗಡುಸಿದೆ ಅಂತ ಗೊತ್ತಾದ್ರೆ ಬಾವಿ ನೀರನ್ನ ಮೊದಲು ಮೆದು ಮಾಡಿ ಬಿಡೋ ಏರ್ಪಾಟು ಮಾಡ್ತಾರೆ. ಮುಂದೆ ಪ್ರತಿ ತಿಂಗಳೂ ಮನೆ ನಲ್ಲಿಗಳದ್ದೇ ಲೆಕ್ಕ. ಆದ್ರೆ ಬಾಟಲಿ ಹಿಡ್ಕೊಂಡು ನಾನು ಹೋದ್ರೆ ಯಾರು ಬಾಗಿಲು ತೆಗೀತಾರೆ ಅಕ್ಕ? ನಲ್ಲಿ ಕತ್ತರಿಸೋಕೆ ಬಂದ ಅಂತ ಓಡಿಸ್ತಾರೆ. ಅದಕ್ಕೊಬ್ಬರನ್ನ ಇಟ್ಕೋ ಅಂದಿದ್ದಾರೆ. ಜನ ನಂಬೋ ಅಂಥವರನ್ನ."

ಅವಳು ಆ ಮಾತನ್ನು ಅರ್ಧ ಕೇಳಿಸಿಕೊಂಡಳು. ಉಳಿದರ್ಧ ತಲೆ ಮನೆ ಸೇರಿತ್ತು. ದಾರಿಯಲ್ಲಿ ಸೋಡಾದ ಮೂಟೆ ಕೊಂಡು, ಆಳನ್ನು ಕರೆಯದೆ ತಾನೇ ಹೆಗಲ ಮೇಲೆ ಹೊತ್ತು ತಂದಳು.

ಭಾವ ಬೋರಲು ಬಕೆಟ್ಟಿನ ಮೇಲೆ ಹಾಗೆಯೇ ಕುಳಿತಿದ್ದರು. ಅವಳು ಮೂಟೆಯನ್ನು ಅವರ ಮುಂದೆ ಇಳಿಸಿ, ಇಸ್ತ್ರಿ ಹೆಂಗಸರ ಕಡೆ ತಿರುಗಿ, "ಪೆಟ್ಟಿಗೆ ಕೆಳಗಿಡಿ. ಬೆಳಿಗ್ಗೆ ಕಿವಿ ಕೊಟ್ಟು ಕೇಳಿದ್ರಲ್ಲ, ಇದನ್ನೂ ಕೇಳಿ," ಎಂದಳು. ಗಂಡನನ್ನೂ ಕರೆದಳು. ಅವನು ಹೆದರಿಕೊಂಡೇ ಬಂದ.

"ಭಾವ ಸೋಪು ಕದ್ದಿಲ್ಲ. ನೀರು ತಿಂತು. ನೀರು ತಿನ್ನುತ್ತೆ ಅಂತ ಅವರು ಹೇಳಿದ್ರು, ನಾನು ಕಾಗದ ನಂಬಿದೆ, ಅವರನ್ನ ನಂಬಲಿಲ್ಲ. ಕಾಗದ ತಪ್ಪು ಅಂತ ಬರೆದವನೇ ಬರ್ಕೊಟ್ಟಿದ್ದಾನೆ. ಕಳ್ಳ ಅಂದ ಬಾಯಿಂದಾನೇ ಹೇಳ್ತೀನಿ, ತಪ್ಪಾಯ್ತು ಭಾವ." ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಅವಳಿಗೆ ನಿಲ್ಲಿಸಿ ಗೊತ್ತಿಲ್ಲ. "ನೀವಾದ್ರೂ ಸ್ವಲ್ಪ ಜೋರಾಗಿ ಹೇಳಬಾರದಿತ್ತಾ? ಆರು ತಿಂಗಳು ಮೆಲ್ಲಗೆ ಹೇಳಿದ್ರೆ ಈ ಮನೇಲಿ ಯಾರಿಗೆ ಕೇಳುತ್ತೆ?"

ಭಾವ ನಕ್ಕರು. "ನಿನ್ನ ದನಿ ಮೇಲೆ ದನಿ ಎತ್ತೋಕೆ ಬಾಯ್ಲರಿಗೇ ಆಗಿಲ್ಲ, ನನಗಾಗುತ್ತಾ?" ಎಂದು ಎದ್ದು ಮೂಟೆಯ ಹೊಲಿಗೆ ಬಿಚ್ಚಿದರು.

ಅಂದು ಮೊದಲ ಸಲ ಅವರು ಅವಳನ್ನೂ ತೊಟ್ಟಿಯ ಹತ್ತಿರ ನಿಲ್ಲಿಸಿಕೊಂಡರು. ಬಿಸಿನೀರಿಗೆ ಸೋಡಾ ಹಾಕಿ, ಕದಡಿ, ಬಿಳಿ ಗಸಿ ತಳಕ್ಕೆ ಇಳಿಯುವವರೆಗೆ ಬಿಡಬೇಕು. ಮೇಲಿನ ತಿಳಿಯನ್ನು ಮಾತ್ರ ಎರಡನೆಯ ತೊಟ್ಟಿಗೆ ತೆಗೆಯಬೇಕು. ಹೆಬ್ಬೆರಳು ತೋರುಬೆರಳು ಅದ್ದಿ ಉಜ್ಜಿದರೆ ಕಿರ್ ಎನ್ನಬಾರದು, ಜಾರಬೇಕು. ಆಗ ಸೋಪು. "ಅಷ್ಟಲ್ಲ, ಅದರಲ್ಲಿ ಮೂರನೇ ಒಂದು. ಕೈ ಬಿಗಿ ಹಿಡಿ. ಈಗ ನೋಡು." ನೊರೆ ತೊಟ್ಟಿಯ ಅಂಚಿಗೆ ಬಂತು. "ಕೈಗೆ ರಬ್ಬರಿನ ಗವುಸು ಹಾಕ್ಕೋ. ನನ್ನ ಹಾಗೆ ಬೆರಳು ಒಡೆಸ್ಕೋಬೇಡ."

ಅವಳು ಕಲಿತಳು. ಇದನ್ನೆಲ್ಲ ನನಗೆ ಯಾಕೆ ಹೇಳಿಕೊಡುತ್ತಿದ್ದಾರೆ ಎಂದು ಮಾತ್ರ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಗೊತ್ತಿತ್ತು.

ಸೋಮವಾರ ನರ್ಸಮ್ಮ ಗಂಟಿನ ನಡುವಿನಿಂದ ಒಂದು ಬಟ್ಟೆ ಎಳೆದು ಕೆನ್ನೆಗೆ ಒತ್ತಿಕೊಂಡಳು. ಇನ್ನೊಂದನ್ನೂ ಎಳೆದಳು. "ಹೂಂ," ಎಂದಳು. ಆ ಹೆಂಗಸಿನ ಬಾಯಿಂದ ಹೂಂ ಬಂದರೆ ಹೊಗಳಿಕೆ. ಗಂಡ ಗಾಡಿಯನ್ನು ಇಡೀ ದಾರಿ ಹಾಡು ಹೇಳಿಕೊಂಡು ಓಡಿಸಿದ.

ಮಾರನೆಯ ಬೆಳಿಗ್ಗೆ ತಮ್ಮ ಬಂದ. ಕೈಯಲ್ಲಿ ತಂತಿಯ ಬುಟ್ಟಿ, ಅದರೊಳಗೆ ಖಾಲಿ ಬಾಟಲಿಗಳು. ಅವನು ಅಕ್ಕನ ಮುಖ ನೋಡಲಿಲ್ಲ, ನೇರ ಭಾವನ ಕಡೆ ಹೋಗಿ "ಹೊರಡೋಣ್ವಾ?" ಎಂದ. ಭಾವ ಒಗೆದ ಅಂಗಿ ಹಾಕಿಕೊಂಡಿದ್ದರು. ಕಾಲಿಗೆ ಒಣ ಚಪ್ಪಲಿ. ಒಣ ಚಪ್ಪಲಿಯಲ್ಲಿ ಅವರನ್ನು ನೋಡಿದ ನೆನಪೇ ಅವಳಿಗಿರಲಿಲ್ಲ. ಬಗಲಲ್ಲಿ ಒಂದು ಸಣ್ಣ ಚೀಲ.

"ಚೀಲ ಯಾಕೆ ಭಾವ? ಬಾಟಲಿ ತುಂಬೋಕೆ ಚೀಲ ಬೇಕಾ?"

"ನಿನ್ನ ತಮ್ಮ ಕೇಳಿದ, ಇನ್ಮೇಲೆ ನನಗೆ ಅದೇ ಕೆಲಸ ಅಂತ ಒಪ್ಕೊಂಡೆ. ಪಂಪಿನ ಮನೆ ಹಿಂದೆ ಒಂದು ಕೋಣೆನೂ ಕೊಡ್ತಾರಂತೆ. ಬಿಸಿಲು ಚೆನ್ನಾಗಿ ಬರುತ್ತೆ. ಮಂಡಿಗೆ ಒಳ್ಳೇದು."

"ಇನ್ನೂ ಸಿಟ್ಟಿದೆ ಅಲ್ವಾ ನಿಮಗೆ? ಇದ್ರೆ ಬೈದು ಬಿಡಿ. ನಾನು ಬೈಸ್ಕೋತೀನಿ, ನೋಡಿ, ಬಾಯಿ ಮುಚ್ಕೊಂಡು ನಿಂತಿದ್ದೀನಿ."

"ಸಿಟ್ಟಿಲ್ಲ ತಾಯಿ. ನಾಲ್ಕು ಜನರ ಮುಂದೆ ಅಂದೆ, ನಾಲ್ಕು ಜನರ ಮುಂದೆಯೇ ತೊಳೆದೆ. ಎಲ್ಲರಿಗೂ ಆಗೋ ಕೆಲಸ ಅಲ್ಲ ಅದು." ಅವರು ಚೀಲವನ್ನು ಬಗಲಿನಿಂದ ಕೈಗೆ ತೆಗೆದುಕೊಂಡರು. "ಆದ್ರೆ ನಾಳೆ ಕಪಾಟಲ್ಲಿ ಏನಾದ್ರೂ ಕಡಿಮೆಯಾದ್ರೆ ನೀನು ನನ್ನ ಕಡೆ ನೋಡಲ್ಲ. ನೋಡಬಾರದು ಅಂತ ಕಷ್ಟಪಟ್ಟು ಬೇರೆ ಕಡೆ ನೋಡ್ತೀಯ. ಅದನ್ನ ನಾನು ನೋಡ್ತಾ ಇರ್ತೀನಿ. ಅದು ಇಬ್ರಿಗೂ ಬೇಡ. ಮೂವತ್ತು ವರ್ಷ ನೀರಿನೊಳಗೆ ನಿಂತಿದ್ದಾಯ್ತು, ಇನ್ನು ಹೊರಗೆ ನಿಂತು ಅದನ್ನ ನೋಡ್ತೀನಿ."

ಅವಳಿಗೆ ಹತ್ತು ಮಾತು ಬಂದವು. ಒಂದನ್ನೂ ಆಡಲಿಲ್ಲ. ಅದು ಅವಳ ಜನ್ಮದಲ್ಲೇ ಹೊಸದು. ಗಂಡ ಅಣ್ಣನ ಕೈಯಿಂದ ಚೀಲ ತೆಗೆದುಕೊಳ್ಳಲು ಹೋದ, ಅಣ್ಣ ಕೊಡಲಿಲ್ಲ, ಅವನ ಬೆನ್ನು ತಟ್ಟಿದರು. "ಎರಡನೇ ತೊಟ್ಟಿಯ ಬಿರಡೆ ಸಡಿಲ ಇದೆ, ನೋಡ್ಕೋ," ಎಂದರು.

ಅವಳು ಬಾಗಿಲಿಗೆ ಬಂದು ನಿಂತಳು. ಎದುರು ಮನೆಯವಳು ಯಾರಿಗೂ ಬಾಗಿಲು ತೆಗೆಯದ ಗಟ್ಟಿಗಿತ್ತಿ. ತಮ್ಮ ಎರಡು ಸಲ ತಟ್ಟಿದ. ಒಳಗಿನಿಂದ "ಏನೂ ಬೇಡ, ಹೋಗಿ," ಎಂದಿತು.

"ನಾನಮ್ಮ, ಕೊಕ್ಕರೆ. ಇವತ್ತು ಬಟ್ಟೆ ಬೇಡ. ನಿಮ್ಮ ನಲ್ಲಿ ನೀರು ಒಂದು ಬಾಟಲಿ ಬೇಕಿತ್ತು. ನೀರು ಒಳ್ಳೇದು ಮಾಡೋಕೆ."

ಚಿಲಕ ಸರಿಯಿತು. ಬಾಗಿಲು ತೆರೆಯಿತು. "ನಮ್ಮನೇದೊಂದು ನೋಡಿ ಸ್ವಾಮಿ, ತಲೆಗೂದಲೆಲ್ಲ ತೆಂಗಿನ ನಾರಾಗಿದೆ," ಎನ್ನುತ್ತ ಆಕೆ ದಾರಿ ಬಿಟ್ಟಳು. ಪಕ್ಕದ ಮನೆಯವಳು ಕರೆಯದೆಯೇ ಹೊಸ್ತಿಲಿಗೆ ಬಂದು ನಿಂತು, "ಆಮೇಲೆ ನಮ್ಮದು," ಎಂದಳು.

ಬೀದಿಯ ಕೊನೆಯವರೆಗೂ ಹೀಗೇ ಬಾಗಿಲುಗಳು ತೆರೆದುಕೊಳ್ಳುತ್ತ ಹೋದವು. ತಿರುವಿನಲ್ಲಿ ಭಾವ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಕುಂಟುತ್ತಲೇ ಇದ್ದರು, ಆದರೂ ಹೆಜ್ಜೆ ಬೇಗ ಬೇಗ ಬೀಳುತ್ತಿತ್ತು. ಆಮೇಲೆ ಕಾಣಲಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಗಂಡ, "ಅಣ್ಣ ಊಟಕ್ಕಾದ್ರೂ ಬರ್ತಾನೇನೋ," ಎಂದ.

"ಬರಲ್ಲ," ಎಂದಳು ಅವಳು. ಹೇಳಿದ್ದು ಮೆಲ್ಲಗೆ. ಆದರೂ ಅವನಿಗೆ ಕೇಳಿಸಿತು. ಅವರು ಬರಲಿಲ್ಲ.